ಎಡಗೈಯ ಚರಿತ್ರೆ: ವೀಣೆಯ ತಂತಿ, ಪೇಟಿಯ ತಿದಿ, ಕೀಬೋರ್ಡಿನ ಗಾಲಿ

ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯ ಜಾತ್ರೆ. ತೇರು ಎಳೆದ ಮಾರನೆಯ ರಾತ್ರಿ ರಸಮಂಜರಿ ಇತ್ತು. ಮೊದಲ ಭಕ್ತಿಗೀತೆಗೆ ಮುನ್ನ ಸನಾದಿಯ ದನಿ ಎದ್ದಿತು. ಮೇಲಿನ ಷಡ್ಜದಿಂದ ನಿಧಾನಕ್ಕೆ ಜಾರಿ, ನಿಷಾದವನ್ನು ಸವರಿ, ಧೈವತದ ಮೇಲೆ ತೂಗಾಡಿ ನಿಂತಿತು. ನನ್ನ ಪಕ್ಕ ಕುಳಿತಿದ್ದ ಅಜ್ಜ ಕತ್ತು ಚಾಚಿ ವೇದಿಕೆಯನ್ನೆಲ್ಲ ಹುಡುಕಿ, "ಸನಾದಿ ಊದಾವ ಎಲ್ಲಿ ಕುಂತಾನಪಾ?" ಎಂದು ಕೇಳಿದರು. ಸನಾದಿಯವನು ಎಲ್ಲೂ ಇರಲಿಲ್ಲ. ಒಂದು ಮೂಲೆಯಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಕೀಬೋರ್ಡಿನ ಮುಂದೆ ನಿಂತಿದ್ದ. ಅವನ ಬಲಗೈ ಮನೆಗಳ ಮೇಲಿತ್ತು. ಎಡಗೈ ಮಾತ್ರ ಮನೆಗಳನ್ನು ಬಿಟ್ಟು, ವಾದ್ಯದ ಎಡತುದಿಯಲ್ಲಿದ್ದ ಒಂದು ಸಣ್ಣ ಗಾಲಿಯನ್ನು ಹೆಬ್ಬೆರಳಿನಿಂದ ಹಿಂದೆ ಮುಂದೆ ಉರುಳಿಸುತ್ತಿತ್ತು. ಅಜ್ಜನಿಗೆ ಕೇಳಿದ ಸನಾದಿ ಆ ಎಡಗೈಯಲ್ಲಿತ್ತು.

ಆ ಗಾಲಿಗೆ ಪಿಚ್ ಬೆಂಡ್ ವೀಲ್ ಎಂದು ಹೆಸರು. ಸ್ವರವನ್ನು ಅದರ ಜಾಗದಿಂದ ಮೇಲಕ್ಕೋ ಕೆಳಕ್ಕೋ ಬಾಗಿಸುವುದು ಅದರ ಕೆಲಸ. ಕೀಬೋರ್ಡ್ ಕಲಿಯುವವರು ಇದನ್ನು ಸಾಮಾನ್ಯವಾಗಿ ಕೊನೆಯಲ್ಲಿ ಕಲಿಯುತ್ತಾರೆ. ಕಲಿಸುವವರು ಇದನ್ನೊಂದು ಅಲಂಕಾರ ಎಂಬಂತೆ ಹೇಳಿಕೊಡುತ್ತಾರೆ. ಆದರೆ ಕೊಪ್ಪಳ ಸೀಮೆಯ ಸಂಗೀತದ ಚರಿತ್ರೆಯನ್ನು ಈ ಗಾಲಿಯ ಕಡೆಯಿಂದ ನೋಡಿದರೆ ಬೇರೆಯೇ ಕಥೆ ಕಾಣುತ್ತದೆ. ಸ್ವರವನ್ನು ಬಾಗಿಸುವ ಕೆಲಸ ಒಂದು ಕಾಲದಲ್ಲಿ ಎಡಗೈಯದೇ ಆಗಿತ್ತು. ನಡುವೆ ಬಂದ ಹಾರ್ಮೋನಿಯಂ ಎಡಗೈಯನ್ನು ಗಾಳಿ ಹಾಕುವ ಕೆಲಸಕ್ಕೆ ಹಚ್ಚಿತು. ಸುಮಾರು ನೂರು ವರ್ಷಗಳ ನಂತರ ಕೀಬೋರ್ಡಿನ ಗಾಲಿ ಎಡಗೈಗೆ ಅದರ ಹಳೆಯ ಕೆಲಸವನ್ನು ಮರಳಿ ಕೊಟ್ಟಿದೆ. ಈ ಲೇಖನ ಹೇಳಹೊರಟಿರುವುದು ಇಷ್ಟೇ.

*

ಕಥೆಯನ್ನು ಗಂಗಾವತಿಯ ಕಡೆಯಿಂದ ಶುರು ಮಾಡಬೇಕು. ಗಂಗಾವತಿಯಿಂದ ಸ್ವಲ್ಪ ದೂರದಲ್ಲಿ ಆನೆಗುಂದಿ, ಅಲ್ಲಿಂದ ತುಂಗಭದ್ರೆಯ ಆಚೆ ದಡಕ್ಕೆ ವಿಜಯನಗರ. 13ನೇ ಶತಮಾನದಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿ ಶಾರ್ಙ್ಗದೇವ 'ಸಂಗೀತ ರತ್ನಾಕರ' ಬರೆದ. ಸ್ವರವನ್ನು ಅಲುಗಿಸುವ, ಜಾರಿಸುವ, ತೂಗುವ ಬಗೆಗಳಿಗೆಲ್ಲ ಗಮಕ ಎಂಬ ಹೆಸರಿಟ್ಟು, ಅವುಗಳಲ್ಲಿ 15 ವಿಧಗಳನ್ನು ಆತ ಹೇಳಿದ. 15ನೇ ಶತಮಾನದಲ್ಲಿ ಆ ಗ್ರಂಥಕ್ಕೆ 'ಕಲಾನಿಧಿ' ಎಂಬ ವ್ಯಾಖ್ಯಾನ ಬರೆದ ಕಲ್ಲಿನಾಥ ವಿಜಯನಗರದವನು. ನೂರು ವರ್ಷಗಳ ನಂತರ, 1550ರಲ್ಲಿ, ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 'ಸ್ವರಮೇಳಕಲಾನಿಧಿ'ಯನ್ನು ಬರೆದ.

ರಾಮಾಮಾತ್ಯನ ಪುಸ್ತಕದಲ್ಲಿ ನಮಗೆ ಬೇಕಾದ ಭಾಗ ವೀಣೆಯ ಪ್ರಕರಣ. ವೀಣೆಯ ದಂಡಿಯ ಮೇಲೆ ಮೆಟ್ಟಿಲುಗಳನ್ನು ಎಲ್ಲೆಲ್ಲಿ ಕೂರಿಸಬೇಕು ಎಂಬುದು ಅವನ ಮುಂದಿದ್ದ ಪ್ರಶ್ನೆ. ತಂತಿಗಳ ಶ್ರುತಿಯನ್ನು ನೋಡಿ ಅವನು ಶುದ್ಧಮೇಳ ವೀಣೆ, ಮಧ್ಯಮೇಳ ವೀಣೆ, ಅಚ್ಯುತರಾಜಮೇಳ ವೀಣೆ ಎಂದು ಮೂರು ಬಗೆ ಮಾಡುತ್ತಾನೆ. ಮೂರನೆಯದಕ್ಕೆ ದೊರೆ ಅಚ್ಯುತರಾಯನ ಹೆಸರೇ ಬಂದಿದೆ. ಮೆಟ್ಟಿಲುಗಳ ಲೆಕ್ಕದಲ್ಲಿ ಮತ್ತೆ ಎರಡು ದಾರಿ. ಒಂದು ರಾಗಕ್ಕೆ ಬೇಕಾದಷ್ಟೇ ಮೆಟ್ಟಿಲುಗಳನ್ನು ಜೋಡಿಸಿಕೊಂಡು, ರಾಗ ಬದಲಾದಾಗ ಅವುಗಳನ್ನೂ ಸರಿಸಿಕೊಳ್ಳುವುದು ಒಂದು. ಎಲ್ಲ ರಾಗಗಳಿಗೂ ಆಗುವಂತೆ ಮೆಟ್ಟಿಲುಗಳನ್ನು ಒಮ್ಮೆಗೇ ನಿಲ್ಲಿಸಿಬಿಡುವುದು ಇನ್ನೊಂದು. ಈ ಎರಡನೆಯ ದಾರಿಯೇ ಮುಂದೆ ಗೆದ್ದಿತು. ಇಂದಿನ ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕೂತುಬಿಟ್ಟಿವೆ, ಒಂದು ಸ್ಥಾಯಿಗೆ ಹನ್ನೆರಡರಂತೆ.

ಗಮನಿಸಿ, ಹಾರ್ಮೋನಿಯಂನಲ್ಲೂ ಒಂದು ಸ್ಥಾಯಿಗೆ ಹನ್ನೆರಡೇ ಮನೆ. ಹಾಗಾದರೆ ವೀಣೆಯನ್ನು ಯಾರೂ ಗಮಕ ಬಾರದ ವಾದ್ಯ ಎನ್ನಲಿಲ್ಲವೇಕೆ? ಏಕೆಂದರೆ ವೀಣೆಯಲ್ಲಿ ಬಲಗೈ ತಂತಿಯನ್ನು ಮಿಡಿಯುತ್ತದೆ, ಎಡಗೈ ಅದೇ ತಂತಿಯನ್ನು ಮೆಟ್ಟಿಲಿನ ಮೇಲೆ ಪಕ್ಕಕ್ಕೆ ಎಳೆದು ಬಾಗಿಸುತ್ತದೆ. ಮೆಟ್ಟಿಲು ಸ್ವರಕ್ಕೆ ಮನೆ ಕೊಡುತ್ತದೆ, ಎಡಗೈ ಅದನ್ನು ಮನೆಯಿಂದ ಹೊರಗೆ ಕರೆದೊಯ್ದು ಮರಳಿ ತರುತ್ತದೆ. ಸಿತಾರಿನ ಮೀಂಡ್ ಕೂಡ ಎಡಗೈಯದೇ. ಪಿಟೀಲಿನಲ್ಲಿ ಜಾರುವುದೂ ಎಡಗೈಯೇ. ಬಲಗೈ ಸದ್ದು ಹುಟ್ಟಿಸುವುದು, ಎಡಗೈ ಅದಕ್ಕೆ ರೂಪ ಕೊಡುವುದು ನಮ್ಮ ತಂತಿವಾದ್ಯಗಳ ಹಳೆಯ ಒಪ್ಪಂದ.

*

ಈ ಒಪ್ಪಂದವನ್ನು ಮುರಿದದ್ದು ಪೇಟಿ. ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆಂ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಅದು ಕಾಲಿನಿಂದ ತುಳಿದು ಗಾಳಿ ತುಂಬುವ, ಕುರ್ಚಿಯ ಮೇಲೆ ಕೂತು ನುಡಿಸುವ ವಾದ್ಯ. ಪಾದ್ರಿಗಳ, ಅಧಿಕಾರಿಗಳ ಜೊತೆ ಭಾರತಕ್ಕೆ ಬಂತು. ನೆಲದ ಮೇಲೆ ಕೂತು ಹಾಡುವ ನಮ್ಮವರಿಗೆ ಒಗ್ಗುವಂತೆ, ಹಿಂಬದಿಯ ತಿದಿಯನ್ನು ಕೈಯಿಂದ ಒತ್ತುವ ಪೆಟ್ಟಿಗೆಯಾಗಿ ಅದು ಬದಲಾದದ್ದು 19ನೇ ಶತಮಾನದ ಕೊನೆಯ ದಶಕಗಳಲ್ಲಿ. ಕಲ್ಕತ್ತೆಯ ದ್ವಾರಕಾನಾಥ ಘೋಷರ ದ್ವಾರ್ಕಿನ್ ಕಂಪನಿಯ ಹೆಸರು ಈ ಬದಲಾವಣೆಯ ಜೊತೆ ಸೇರಿಕೊಂಡಿದೆ.

ನಮ್ಮ ಕಡೆ ಪೇಟಿ ಹಳ್ಳಿಹಳ್ಳಿಗೆ ಹಬ್ಬಿದ್ದು ನಾಟಕ ಕಂಪನಿಗಳಿಂದ. ಗದಗಿನಲ್ಲಿ ಶಾಂತಕವಿ ಎಂದು ಹೆಸರಾದ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲೇ ಕನ್ನಡ ನಾಟಕ ಮಂಡಳಿ ಕಟ್ಟಿದ್ದರು. 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ' ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅಲ್ಲಿಂದ ಮುಂದೆ ಕೊಣ್ಣೂರು ಕಂಪನಿ, ಶಿರಹಟ್ಟಿಯ ವೆಂಕೋಬರಾಯರ ಕಂಪನಿ, ವಾಮನರಾವ್ ಮಾಸ್ತರರ ಕಂಪನಿ, ಗರುಡ ಸದಾಶಿವರಾಯರ ಕಂಪನಿ ಹೀಗೆ ಒಂದರ ಹಿಂದೆ ಒಂದು. ನಾಟಕವೆಂದರೆ ಹಾಡು, ಹಾಡೆಂದರೆ ರಂಗದ ಮುಂದೆ ಕೂತ ಪೇಟಿ ಮತ್ತು ತಬಲ. 1880ರ ದಶಕದಲ್ಲಿ ಹೊಸಪೇಟೆಯಿಂದ ಗದಗಿಗೆ ರೈಲು ಹಳಿ ಬಿತ್ತು. ಕೊಪ್ಪಳ ಆ ಹಾದಿಯ ಮೇಲಿದೆ. ಪರದೆ, ಟ್ರಂಕು, ಲೆಗ್ ಹಾರ್ಮೋನಿಯಂ ಎಲ್ಲವನ್ನೂ ಹೇರಿಕೊಂಡು ತಿರುಗುವ ಕಂಪನಿಗಳಿಗೆ ಇಂಥ ಹಳಿಗಳೇ ಬಾಳು. ಆಗ ಕೊಪ್ಪಳ, ಯಲಬುರ್ಗಾ ಹೈದರಾಬಾದ್ ಸಂಸ್ಥಾನದೊಳಗಿನ ಸಾಲಾರ್ ಜಂಗ್ ಜಹಗೀರು. ಗದಗು ಮುಂಬೈ ಪ್ರಾಂತ. ಹೊಸಪೇಟೆ ಮದ್ರಾಸ್ ಪ್ರಾಂತ. ಮೂರು ಆಡಳಿತಗಳ ಗಡಿಯನ್ನು ಪೇಟಿ ಸಲೀಸಾಗಿ ದಾಟಿತು. ಯಲಬುರ್ಗಾ ಸೀಮೆಯ ಕುಕನೂರು ವೃತ್ತಿರಂಗಭೂಮಿಗೆ ಕಲಾವಿದರನ್ನು ಕೊಟ್ಟ ಊರಾಯಿತು. ಕಂಪನಿಯಿಂದ ದೊಡ್ಡಾಟದ ಹಿಮ್ಮೇಳಕ್ಕೆ, ದೊಡ್ಡಾಟದಿಂದ ಭಜನಾ ಮಂಡಳಿಗೆ, ಅಲ್ಲಿಂದ ತತ್ವಪದಕಾರರ ಜಗಲಿಗೆ ಪೇಟಿ ಬಂದು ಕೂತಿತು. ನಾಟಕ ಕಲಿಸಲು ಊರಿಗೆ ಬಂದು ತಿಂಗಳುಗಟ್ಟಲೆ ಉಳಿಯುವವನಿಗೆ 'ಪೇಟಿ ಮಾಸ್ತರ' ಎಂಬ ಹೆಸರೇ ಬಿತ್ತು.

ಪೇಟಿಗೆ ಇಷ್ಟು ಬೇಗ ಜಾಗ ಸಿಗಲು ಕಾರಣ ಸರಳ. ಅದು ಶ್ರುತಿ ಮಾಡುವ ಗೋಜಿಲ್ಲದ ವಾದ್ಯ. ಬಿಸಿಲಿಗೆ ತಂತಿ ಸಡಿಲಾಗುವ ಭಯವಿಲ್ಲ. ಮೈಕು ಇಲ್ಲದ ಕಾಲದಲ್ಲಿ ಟೆಂಟಿನ ಕೊನೆಯ ಸಾಲಿಗೂ ಅದರ ದನಿ ಮುಟ್ಟುತ್ತಿತ್ತು. ಇದಕ್ಕೆ ಕೊಟ್ಟ ಬೆಲೆ ಎಡಗೈ. ಕೈಪೇಟಿಯಲ್ಲಿ ಎಡಗೈ ತಿದಿ ಒತ್ತುತ್ತದೆ, ಅಂದರೆ ವಾದ್ಯಕ್ಕೆ ಉಸಿರು ಕೊಡುತ್ತದೆ. ಒಳಗಿರುವ ಹಿತ್ತಾಳೆಯ ರೀಡ್ ತನ್ನ ಉದ್ದ, ದಪ್ಪಗಳಿಗೆ ತಕ್ಕ ಒಂದೇ ಸ್ವರವನ್ನು ನುಡಿಯುತ್ತದೆ. ಉಸಿರು ಹೆಚ್ಚಿದರೆ ಸದ್ದು ಹೆಚ್ಚುತ್ತದೆ, ಸ್ವರ ಕದಲುವುದಿಲ್ಲ. ಲೆಗ್ ಹಾರ್ಮೋನಿಯಂನಲ್ಲಿ ಕಾಲು ತುಳಿಯುವುದರಿಂದ ಎಡಗೈಗೆ ಬಿಡುವು ಸಿಕ್ಕಿತು ನಿಜ. ಆದರೆ ಆ ಕೈಗೂ ಸಿಕ್ಕಿದ್ದು ಮತ್ತಷ್ಟು ಮನೆಗಳೇ, ಬಾಗಿಸುವ ತಂತಿಯಲ್ಲ.

*

ಇದರ ಮೇಲೆ ದೂರು ಎದ್ದಿದ್ದು ಸಹಜ. ದೂರಿನಲ್ಲಿ ಎರಡು ಮಾತಿದ್ದವು. ಮೊದಲನೆಯದು, ಹಾರ್ಮೋನಿಯಂನ ಹನ್ನೆರಡು ಮನೆಗಳು ಪಾಶ್ಚಾತ್ಯ ಲೆಕ್ಕದಂತೆ ಸರಿಸಮವಾಗಿ ಹಂಚಿದವು. ಒಂದು ಸ್ಥಾಯಿಯನ್ನು 1200 ಸೆಂಟ್ ಎಂದು ಅಳೆದರೆ ಪೇಟಿಯ ಶುದ್ಧ ಗಾಂಧಾರ 400ಕ್ಕೆ ನಿಲ್ಲುತ್ತದೆ. ತಂಬೂರಿಯ ನಾದದೊಳಗಿಂದ ತಾನಾಗಿ ಕೇಳಿಬರುವ ಗಾಂಧಾರ ಸುಮಾರು 386ರಲ್ಲಿರುತ್ತದೆ. ಈ 14 ಸೆಂಟಿನ ಅಂತರ ಬಲ್ಲ ಕಿವಿಗೆ ಚುಚ್ಚುತ್ತದೆ. ಎರಡನೆಯ ದೂರು ಇನ್ನೂ ದೊಡ್ಡದು: ಪೇಟಿಯಲ್ಲಿ ಮೀಂಡ್ ಇಲ್ಲ.

ಮೊದಲ ದೂರಿಗೆ ಪರಿಹಾರ ಹುಡುಕಿದವರು ಸಾಂಗ್ಲಿಯ ಕೆ.ಬಿ. ದೇವಲ್ ಮತ್ತು ಮುಂಬೈ ಪ್ರಾಂತದ ಐಸಿಎಸ್ ಅಧಿಕಾರಿ ಅರ್ನೆಸ್ಟ್ ಕ್ಲೆಮೆಂಟ್ಸ್. 22 ಶ್ರುತಿಗಳಿಗೂ ರೀಡ್ ಇರುವ ಹಾರ್ಮೋನಿಯಂ ಒಂದನ್ನು ಅವರು 1910ರ ಆಸುಪಾಸಿನಲ್ಲಿ ರೂಪಿಸಿದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಅವರ ಪ್ರಯೋಗಗಳಿಗೆ ದನಿಯಾದರು. ಕುಂದಗೋಳದ ಸವಾಯಿ ಗಂಧರ್ವರ ಗುರು ಎಂದು ನಮ್ಮ ಕಡೆಯವರಿಗೆ ಹತ್ತಿರವಾದ ಅದೇ ಖಾನ್‌ಸಾಹೇಬರು. ಆದರೆ 1916ರ ಬರೋಡಾ ಸಂಗೀತ ಸಮ್ಮೇಳನದಲ್ಲಿ ಭಾತಖಂಡೆಯವರ ಬಳಗ ಈ ಲೆಕ್ಕಾಚಾರವನ್ನು ಒಪ್ಪಲಿಲ್ಲ. ಮನೆಗಳನ್ನು ಹೆಚ್ಚಿಸಿದರೆ ಮನೆಗಳಷ್ಟೇ ಹೆಚ್ಚುತ್ತವೆ, ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವ ದಾರಿ ಹುಟ್ಟುವುದಿಲ್ಲ. ಎರಡನೆಯ ದೂರು ಹಾಗೇ ಉಳಿಯಿತು.

ಆ ದೂರಿನ ಶಿಕ್ಷೆ ಬಂದದ್ದು ರೇಡಿಯೋದಿಂದ. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ತನ್ನ ಸ್ಟುಡಿಯೋಗಳಲ್ಲಿ ಹಾರ್ಮೋನಿಯಂ ನಿಷೇಧಿಸಿತು. ಆಗ ಅದರ ಮುಖ್ಯಸ್ಥನಾಗಿದ್ದವನು ಲಯೊನೆಲ್ ಫೀಲ್ಡನ್. ರವೀಂದ್ರನಾಥ ಟಾಗೋರರೂ ಈ ವಾದ್ಯವನ್ನು ಒಪ್ಪಿದವರಲ್ಲ. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾದಾಗಲೂ ನಿಷೇಧ ಜಾರಿಯಲ್ಲಿತ್ತು. ಅದು ಸಡಿಲವಾಗತೊಡಗಿದ್ದು 1970ರ ದಶಕದ ಆರಂಭದಲ್ಲಿ, ಅದೂ ಭಾಗಶಃ. ಕಂಪನಿಯ ಟೆಂಟಿನಲ್ಲಿ, ಮಠದ ಪೌಳಿಯಲ್ಲಿ, ಭಜನೆಯ ಗುಡಿಯಲ್ಲಿ ಎಲ್ಲರೂ ಕೇಳುತ್ತಿದ್ದ ಪೇಟಿ ಮೂವತ್ತು ವರ್ಷ ರೇಡಿಯೋದಲ್ಲಿ ಕೇಳಿಸಲಿಲ್ಲ. ನಿಷೇಧಿಸಿದವರ ಕಿವಿ ತಪ್ಪಾಗಿರಲಿಲ್ಲ. ಆದರೆ ಅವರು ವಾದ್ಯವನ್ನು ಮಾತ್ರ ಕೇಳಿದರು, ಅದನ್ನು ನುಡಿಸುವವನು ಏನು ಮಾಡುತ್ತಿದ್ದಾನೆ ಎಂಬುದನ್ನು ಕೇಳಲಿಲ್ಲ.

ನುಡಿಸುವವನು ಮಾಡುತ್ತಿದ್ದುದು ಬಹಳ ಇತ್ತು. ಒಂದು ಮನೆಯಿಂದ ಬೆರಳು ಏಳುವ ಮುಂಚೆ ಇನ್ನೊಂದನ್ನು ಒತ್ತಿ ಎರಡು ಸ್ವರಗಳನ್ನು ಬೆಸೆಯುತ್ತಿದ್ದ. ಮುಖ್ಯ ಸ್ವರಕ್ಕೆ ಮೊದಲು ಪಕ್ಕದ ಮನೆಯನ್ನು ಕಣ್ ಸ್ವರವಾಗಿ ಮುಟ್ಟಿ ಬಿಡುತ್ತಿದ್ದ. ಗಾಯಕ ಮೀಂಡ್ ತೆಗೆದುಕೊಳ್ಳುವಾಗ ತಿದಿಯ ಒತ್ತಡ ಇಳಿಸಿ ಪೇಟಿಯನ್ನು ಹಿಂದಕ್ಕೆ ಸರಿಸುತ್ತಿದ್ದ, ಗಾಯಕ ಸ್ವರದ ಮೇಲೆ ಬಂದು ನಿಂತಾಗ ಮತ್ತೆ ಉಸಿರು ತುಂಬುತ್ತಿದ್ದ. ಬೆಳಗಾವಿಯ ವಿಠ್ಠಲರಾವ್ ಕೊರಗಾಂವ್ಕರ್, ರಾಮಭಾವು ಬಿಜಾಪುರೆ ಅವರಂಥವರು ಇದನ್ನು ಕಛೇರಿಯ ಮಟ್ಟಕ್ಕೆ ಒಯ್ದರು. ಈ ವಿದ್ಯೆ ನಮ್ಮ ತಾಲ್ಲೂಕುಗಳಿಗೆ ಇಳಿದ ಒಂದು ದೊಡ್ಡ ದಾರಿ ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ಅಂಧರು, ಇಬ್ಬರೂ ಸಂಗೀತದ ಜೊತೆಗೆ ನಾಟಕ ಕಂಪನಿಯನ್ನೂ ನಡೆಸಿದವರು. ಅವರಲ್ಲಿ ಕಲಿತ ಅಂಧ ಹುಡುಗರೆಷ್ಟೋ ಮಂದಿ ಪೇಟಿ ಮಾಸ್ತರರಾಗಿ, ಕೀರ್ತನಕಾರರಾಗಿ, ಶಾಲೆಯ ಸಂಗೀತ ಶಿಕ್ಷಕರಾಗಿ ಈ ಸೀಮೆಯ ಊರುಗಳನ್ನು ಸೇರಿದರು. ಕಣ್ಣಿಲ್ಲದವನಿಗೆ ಪೇಟಿಯ ಮನೆಗಳು ಬೆರಳಿಗೆ ಸಿಗುವ ನಕಾಶೆ. ಆ ನಕಾಶೆಯಲ್ಲಿ ಇಲ್ಲದ್ದನ್ನು ಅವರು ಕಿವಿಯಲ್ಲಿ ಇಟ್ಟುಕೊಂಡರು.

*

ಇನ್ನು ಗಾಲಿಯ ಕಥೆ. ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯದಲ್ಲಿ ಸ್ವರ ಹುಟ್ಟುವುದು ರೀಡಿನಿಂದಲ್ಲ, ವಿದ್ಯುತ್ತಿನ ಕಂಪನದಿಂದ. ಆ ಕಂಪನವನ್ನು ಹೆಚ್ಚು ಕಡಿಮೆ ಮಾಡಿದರೆ ಸ್ವರ ತಾನಾಗಿ ಜಾರುತ್ತದೆ. 1970ರಲ್ಲಿ ಅಮೆರಿಕದಲ್ಲಿ ಬಂದ ಮಿನಿಮೂಗ್ ವಾದ್ಯ ಮನೆಗಳ ಎಡಬದಿಗೆ ಎರಡು ಗಾಲಿಗಳನ್ನು ಕೂರಿಸಿ ಈ ಕೆಲಸವನ್ನು ಎಡಗೈಗೆ ವಹಿಸಿತು. ಗಿಟಾರ್ ನುಡಿಸುವವರ ಹಾಗೆ ಸ್ವರ ಎಳೆಯಬೇಕೆಂಬ ಆಸೆ ಅಲ್ಲಿನವರದು. ಗಮಕ, ಮೀಂಡ್‌ಗಳ ಲೆಕ್ಕ ಅದರಲ್ಲಿ ಇರಲಿಲ್ಲ. ಆದರೂ ನಮ್ಮ ಎಡಗೈಗೆ ಬೇಕಾದದ್ದು ಅಲ್ಲಿ ತಯಾರಾಗಿತ್ತು.

1983ರಲ್ಲಿ ಬೇರೆ ಬೇರೆ ಕಂಪನಿಗಳ ವಾದ್ಯಗಳೂ ಕಂಪ್ಯೂಟರುಗಳೂ ಒಂದಕ್ಕೊಂದು ಮಾತಾಡಲು ಒಂದು ಸಾಮಾನ್ಯ ಭಾಷೆ ಸಿದ್ಧವಾಯಿತು. ಅದರ ಹೆಸರು ಮಿಡಿ. ಕನ್ನಡದಲ್ಲಿ ಆ ಪದಕ್ಕೆ ತಂತಿ ಮೀಟುವ ಅರ್ಥವಿರುವುದು ಬರೀ ಕಾಕತಾಳೀಯ, ಆದರೂ ಖುಷಿ ಕೊಡುತ್ತದೆ. ಈ ಭಾಷೆಯಲ್ಲಿ ಯಾವ ಮನೆ ಒತ್ತಿದೆ, ಎಷ್ಟು ಜೋರಾಗಿ ಒತ್ತಿದೆ ಎನ್ನುವುದು 0ಯಿಂದ 127ರವರೆಗಿನ ಅಂಕಿಗಳಲ್ಲಿ ಹೋಗುತ್ತದೆ. ಗಾಲಿಯ ಸ್ಥಾನಕ್ಕೆ ಮಾತ್ರ ಅಷ್ಟು ಸಾಲದೆ 16,384 ಹಂತಗಳನ್ನು ಕೊಟ್ಟರು, ಏಕೆಂದರೆ ಸ್ವರ ಜಾರುವಾಗ ಮೆಟ್ಟಿಲು ಮೆಟ್ಟಿಲಾಗಿ ಕೇಳಿದರೆ ಕಿವಿ ಕ್ಷಮಿಸುವುದಿಲ್ಲ. ನಡುವಿನ ಅಂಕಿ 8192. ಅಲ್ಲಿ ಸ್ವರ ತನ್ನ ಮನೆಯಲ್ಲಿರುತ್ತದೆ. ಸಾಮಾನ್ಯವಾಗಿ ಗಾಲಿಯನ್ನು ಪೂರ್ತಿ ಮೇಲೆ ದೂಡಿದರೆ ಎರಡು ಅರ್ಧಸ್ವರ ಏರುತ್ತದೆ, ಪೂರ್ತಿ ಕೆಳಗೆಳೆದರೆ ಎರಡು ಇಳಿಯುತ್ತದೆ. ಪೇಟಿಯ ಗಾಂಧಾರಕ್ಕೂ ತಂಬೂರಿಯ ಗಾಂಧಾರಕ್ಕೂ ಇದ್ದ ಆ 14 ಸೆಂಟಿನ ಜಗಳವನ್ನು ಈ ಲೆಕ್ಕದಲ್ಲಿ ನಡುವಿನಿಂದ ಸುಮಾರು 560 ಹಂತ ಕೆಳಗೆ ಇಳಿದು ಬಗೆಹರಿಸಬಹುದು.

ಕನ್ನಡದ ಕಿವಿಗೆ ಸಿಂಥಸೈಜರ್ ಹತ್ತಿರವಾದದ್ದು ಸಿನಿಮಾದಿಂದ. 1987ರ 'ಪ್ರೇಮಲೋಕ'ದ ಹಾಡುಗಳು ಕ್ಯಾಸೆಟ್ಟುಗಳಲ್ಲಿ ಊರೂರು ತಿರುಗಿದ ಮೇಲೆ, ಅಂಥ ಸದ್ದನ್ನು ವೇದಿಕೆಯ ಮೇಲೆ ಕೇಳಿಸಬೇಕಾದ ರಸಮಂಜರಿ ತಂಡಗಳಿಗೆ ಕೀಬೋರ್ಡ್ ಅನಿವಾರ್ಯವಾಯಿತು. ಒಂದೇ ವಾದ್ಯದೊಳಗೆ ಕೊಳಲು, ಸನಾದಿ, ಪಿಟೀಲು, ಸಿತಾರ್ ಎಲ್ಲ ದನಿಗಳೂ ಇದ್ದವು. ಆದರೆ ಜಾರದ ಸನಾದಿ ಸನಾದಿಯಲ್ಲ. ಹೀಗೆ ಗಾಲಿ ಬೇಕೇ ಬೇಕಾಯಿತು. ಈಗ ಕೊಪ್ಪಳ, ಗಂಗಾವತಿ, ಕುಷ್ಟಗಿಗಳಲ್ಲಿ ಜಾನಪದ ಹಾಡಿಗೆ ಸಂಗೀತ ಕೂರಿಸುವುದಕ್ಕೆ ಒಂದು ಕೋಣೆ, ಒಂದು ಲ್ಯಾಪ್‌ಟಾಪ್, ಒಂದು ಕೀಬೋರ್ಡ್ ಸಾಕು. ಎಫ್ಎಲ್ ಸ್ಟುಡಿಯೋ, ಕ್ಯೂಬೇಸ್ ಮೊದಲಾದ ತಂತ್ರಾಂಶಗಳ ಹೆಸರು ಇಲ್ಲಿನ ಹುಡುಗರಿಗೆ ಬಾಯಿಪಾಠ.

*

ನಾನು ಈ ಗಾಲಿಯನ್ನು ಕಲಿಯಲು ಹೋದದ್ದು ಸಂಶೋಧನೆಯ ದಾರಿಯಲ್ಲಿ. ಕಂಪನಿ ನಾಟಕಗಳ ಹಳೆಯ ಪದ್ಯಾವಳಿಗಳನ್ನು ಓದುತ್ತಿದ್ದೆ. ಹಾಡಿನ ನೆತ್ತಿಯ ಮೇಲೆ ರಾಗ, ತಾಳ ಇರುತ್ತವೆ. ಕೆಲವೊಮ್ಮೆ ಇಂಥ ಹಾಡಿನ ಮಟ್ಟು ಎಂದಷ್ಟೇ ಇರುತ್ತದೆ. ಹಾಡು ಹೇಗಿತ್ತು ಎಂಬುದು ಅಲ್ಲಿಲ್ಲ. ಸ್ವರಲಿಪಿ ಬರೆದಿಟ್ಟ ನೋಟ್‌ಬುಕ್ಕುಗಳಲ್ಲಿ ಕೂಡ ಮೀಂಡ್‌ಗೆ ಎರಡು ಸ್ವರಗಳ ಮೇಲೆ ಒಂದು ಕಮಾನು ಗೆರೆ ಅಷ್ಟೇ. ಎಲ್ಲಿಂದ ಎಲ್ಲಿಗೆ ಎಂದು ಅದು ಹೇಳುತ್ತದೆ. ಎಷ್ಟು ಹೊತ್ತಿನಲ್ಲಿ, ಯಾವ ತೂಕದಲ್ಲಿ, ಎಲ್ಲಿ ತಡೆದು ಹೋಗಬೇಕು ಎಂದು ಹೇಳುವುದಿಲ್ಲ. ಆ ಕಮಾನಿನ ಒಳಗೆ ಏನಿತ್ತು ಎಂದು ಕೈಯಿಂದಲೇ ತಿಳಿಯಬೇಕೆನಿಸಿ, 61 ಮನೆಗಳ ಕೀಬೋರ್ಡೊಂದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಕೂತೆ.

ಮೊದಲು ತಿಳಿದದ್ದು, ಗಾಲಿಯಲ್ಲಿ ಮೂರೇ ನಿಶ್ಚಿತ ಜಾಗಗಳಿವೆ: ಪೂರ್ತಿ ಮೇಲೆ, ಪೂರ್ತಿ ಕೆಳಗೆ, ಮತ್ತು ಸ್ಪ್ರಿಂಗ್ ತಾನಾಗಿ ಮರಳುವ ನಡು. ಈ ಮೂರನ್ನು ನಂಬಿ ಕಲಿಕೆ ಶುರುವಾಗುತ್ತದೆ. ರಿಷಭದಿಂದ ಶುದ್ಧ ಗಾಂಧಾರಕ್ಕೆ ಮೀಂಡ್ ಬೇಕಿದ್ದರೆ, ಗಾಲಿಯನ್ನು ಮೊದಲೇ ಪೂರ್ತಿ ಕೆಳಗೆಳೆದು ಹಿಡಿದು ಗಾಂಧಾರದ ಮನೆ ಒತ್ತಬೇಕು. ಕೇಳುವುದು ರಿಷಭ. ಆಮೇಲೆ ಗಾಲಿಯನ್ನು ಮೆಲ್ಲಗೆ ನಡುವಿಗೆ ಬಿಟ್ಟರೆ ಸ್ವರ ಗಾಂಧಾರಕ್ಕೆ ಬಂದು ಸರಿಯಾಗಿ ಕೂರುತ್ತದೆ. ಷಡ್ಜದಿಂದ ಪಂಚಮದವರೆಗೆ ಉದ್ದಕ್ಕೆ ಜಾರಬೇಕಿದ್ದರೆ ಗಾಲಿಯ ವ್ಯಾಪ್ತಿಯನ್ನು ಎರಡರಿಂದ ಹನ್ನೆರಡು ಅರ್ಧಸ್ವರಕ್ಕೆ ಹೆಚ್ಚಿಸಿಕೊಳ್ಳಬೇಕು. ಆಗ ಹೆಬ್ಬೆರಳು ಕೂದಲೆಳೆಯಷ್ಟು ತಪ್ಪಿದರೂ ಸ್ವರ ಬಹಳ ದೂರ ಹೋಗುತ್ತದೆ. ಇನ್ನೊಂದು ಪಾಠ ಪೆಟ್ಟು ತಿಂದು ಕಲಿತೆ: ಗಾಲಿ ಒಂದೊಂದು ಮನೆಗಲ್ಲ, ಆ ವಾಹಿನಿಯಲ್ಲಿ ನುಡಿಯುವ ಎಲ್ಲ ಮನೆಗಳಿಗೂ ಅನ್ವಯಿಸುತ್ತದೆ. ಆಧಾರ ಷಡ್ಜವನ್ನೂ ಒತ್ತಿ ಹಿಡಿದು ಮೀಂಡ್ ತೆಗೆದರೆ ಷಡ್ಜವೂ ಜೊತೆಗೇ ಜಾರುತ್ತದೆ, ನೆಲವೇ ಕುಸಿದ ಹಾಗೆ. ಆಧಾರ ಶ್ರುತಿಯನ್ನು ಬೇರೆ ವಾಹಿನಿಯಲ್ಲಿ ಇಡಬೇಕು. ಪ್ರತಿ ಸ್ವರಕ್ಕೂ ಬೇರೆ ಬಾಗು ಕೊಡುವ ಹೊಸ ಏರ್ಪಾಡು ಮಿಡಿಗೆ ಸೇರಿದ್ದು 2018ರಲ್ಲಿ. ಜಾತ್ರೆಯ ಕೀಬೋರ್ಡುಗಳ ಕಥೆ ಇನ್ನೂ ಹಳೆಯದೇ.

ಮೂರು ನಿಶ್ಚಿತ ಜಾಗಗಳ ಭರವಸೆ ಮುಗಿದದ್ದು ದರ್ಬಾರಿಯ ಕೋಮಲ ಗಾಂಧಾರದಲ್ಲಿ. ಅದು ನಿಲ್ಲುವ ಸ್ವರವಲ್ಲ, ತೂಗುವ ಸ್ವರ. ಅದಕ್ಕೆ ಗಾಲಿಯಲ್ಲಿ ಯಾವ ಗುರುತೂ ಇಲ್ಲ. ಪಕ್ಕದ ಇನ್ನೊಂದು ಗಾಲಿ ದೂಡಿದರೆ ಯಂತ್ರ ತಾನೇ ಸ್ವರವನ್ನು ನಡುಗಿಸುತ್ತದೆ, ಆದರೆ ಅದು ಗಡಿಯಾರದ ನಡುಕ, ಆಂದೋಲನ ಹಾಗಲ್ಲ. ತಂತ್ರಾಂಶದಲ್ಲಿ ಸ್ವರಗಳು ಅಡ್ಡ ಪಟ್ಟಿಗಳಾಗಿ ಕಾಣುತ್ತವೆ, ಅವುಗಳ ಕೆಳಗೆ ಗಾಲಿಯ ಚಲನೆ ಒಂದು ಗೆರೆಯಾಗಿ ಮೂಡುತ್ತದೆ. ಹಿರಿಯ ಗಾಯಕರ ಧ್ವನಿಮುದ್ರಣವೊಂದನ್ನು, ಭಾಷಾವಿಜ್ಞಾನದವರು ಮಾತಿನ ಏರಿಳಿತ ಅಳೆಯಲು ಬಳಸುವ ಪ್ರಾಟ್ ಎಂಬ ಉಚಿತ ತಂತ್ರಾಂಶಕ್ಕೆ ಕೊಟ್ಟು ಆ ಗೆರೆಯನ್ನೂ ತೆಗೆದೆ. ಎರಡನ್ನೂ ಪಕ್ಕಪಕ್ಕ ಇಟ್ಟೆ. ನನ್ನ ಗೆರೆ ಹಲ್ಲಿನಂತೆ ಮೇಲೆ ಕೆಳಗೆ ಸಮನಾಗಿತ್ತು. ಗಾಯಕರದು ಕೆಳಗೆ ಹೆಚ್ಚು ಹೊತ್ತು ಉಳಿದು, ಮೇಲೆ ಮುಟ್ಟಿಯೂ ಮುಟ್ಟದಂತೆ ಬಂದು, ಪ್ರತಿ ಸಲ ಸ್ವಲ್ಪ ಬೇರೆಯಾಗಿ ಇಳಿಯುತ್ತಿತ್ತು.

ವಾರಗಳ ನಂತರ ಒಂದಿಷ್ಟು ಸುಧಾರಿಸಿದೆ ಎನಿಸಿ, ಅದನ್ನು ಕುಷ್ಟಗಿ ತಾಲ್ಲೂಕಿನಲ್ಲಿ ನಾನು ಭೇಟಿಯಾಗುತ್ತಿದ್ದ ಹಿರಿಯ ಪೇಟಿ ಮಾಸ್ತರರೊಬ್ಬರಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು.

"ಸುರ ಬಾಗತೈತಿ ಖರೆ ತಮ್ಮಾ. ಆದ್ರ ಭಾಳ ಅವಸರ ಐತಿ."

"ಇನ್ನೂ ನಿಧಾನ ಮಾಡ್ಲೇನ್ರೀ ಮಾಸ್ತರ್?"

"ನಿಧಾನ ಮಾಡೂದಲ್ಲ, ತಡಿಯೂದು. ಹಾಡಾವ ಉಸರು ಎಲ್ಲಿ ಹಿಡಿತಾನ ಅನ್ನೂದು ನೋಡು. ನಮ್ಮ ಪೇಟಿ ಬಾಗೂದಿಲ್ಲ. ಅದಕ್ಕ ನಾವು ಹಾಡಾವ್ರ ಬಾಯಿ ನೋಡ್ಕೋತ ಕುಂತ್ವಿ. ನಿನ್ನ ಪೆಟಿಗಿ ಬಾಗತೈತಿ, ಅದಕ್ಕ ನೀ ಯಾರ ಬಾಯೀನೂ ನೋಡವಲ್ಲಿ."

ಆ ಮಾತು ನನ್ನ ಸಂಶೋಧನೆಯ ಪ್ರಶ್ನೆಯನ್ನೇ ತಿರುಗಿಸಿತು. ಪೇಟಿ ಬಂದದ್ದರಿಂದ ಈ ಸೀಮೆಯಲ್ಲಿ ಮೀಂಡ್ ಕಳೆದುಹೋಯಿತು ಎಂದು ನಾನು ಅಂದುಕೊಂಡಿದ್ದೆ. ಮಾಸ್ತರರ ಮಾತಿನಲ್ಲಿ ಅದು ಕಳೆದಿರಲಿಲ್ಲ. ಕೈ ಮಾಡಲಾಗದ್ದನ್ನು ಕಿವಿ ಕಾಯ್ದುಕೊಂಡಿತ್ತು. ಎಡಗೈ ಗಾಳಿ ಹಾಕುತ್ತಲೇ ಗಾಯಕನ ಉಸಿರನ್ನು ಹಿಂಬಾಲಿಸುತ್ತಿತ್ತು. ಅಂದಿನ ರಸಮಂಜರಿಯ ಹುಡುಗನ ಸನಾದಿ ಅಷ್ಟು ಸಲೀಸಾಗಿ ಜಾರಿದ್ದು ಗಾಲಿ ಇದ್ದುದರಿಂದ ಮಾತ್ರವಲ್ಲ. ಭಜನೆಯಲ್ಲೋ ನಾಟಕದಲ್ಲೋ ಅವನ ಕಿವಿಗೆ ಆ ಜಾರು ಮೊದಲೇ ಬಿದ್ದಿರಬೇಕು. ಯಂತ್ರ ಬಾಗುವ ಶಕ್ತಿ ಕೊಡುತ್ತದೆ. ಎಷ್ಟು ಬಾಗಬೇಕು ಎಂಬುದು ಹಾಡುವವರ ಸಂಗದಿಂದ ಬರುತ್ತದೆ.

*

ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಗಾಲಿಯಲ್ಲಿ ಇನ್ನೊಂದು ಆಸಕ್ತಿ ಇದೆ. ರಾಮಾಮಾತ್ಯ ಮೆಟ್ಟಿಲುಗಳ ಜಾಗವನ್ನು ಬರೆದಿಟ್ಟ. ತಂತಿ ಎಳೆದ ಎಡಗೈಗಳ ಅಳತೆ ಉಳಿಯಲಿಲ್ಲ. ಪದ್ಯಾವಳಿಗಳು ರಾಗ, ಮಟ್ಟು ಹೇಳಿದವು. ಪೇಟಿ ಮಾಸ್ತರರ ತಿದಿಯ ಲೆಕ್ಕ ಉಳಿಯಲಿಲ್ಲ. ಎಡಗೈಯ ಕೆಲಸ ದಾಖಲೆಗೆ ಬಂದದ್ದು ಕಡಿಮೆ. ಈಗ ಒಬ್ಬ ಹುಡುಗ ಗಂಗಾವತಿಯ ಒಂದು ಕೋಣೆಯಲ್ಲಿ ಗಾಲಿ ಉರುಳಿಸಿದರೆ ಯಾವ ಕ್ಷಣದಲ್ಲಿ ಅದು ಎಲ್ಲಿತ್ತು ಎಂಬುದು ಮಿಡಿ ಕಡತದಲ್ಲಿ ಅಂಕಿಗಳಾಗಿ ಕೂರುತ್ತದೆ. ಕಮಾನು ಗೆರೆಯ ಒಳಗಿದ್ದುದಕ್ಕೆ ಬರಹ ಸಿಕ್ಕಿದೆ.

ಈ ಬರಹಕ್ಕೂ ತೊಡಕುಗಳಿವೆ. ಗಾಲಿಯ ವ್ಯಾಪ್ತಿ ಎರಡಕ್ಕಿತ್ತೋ ಹನ್ನೆರಡಕ್ಕಿತ್ತೋ ಎಂದು ಗೊತ್ತಿಲ್ಲದೆ ಆ ಅಂಕಿಗಳಿಗೆ ಅರ್ಥವಿಲ್ಲ. ಅದೇ ಅಂಕಿ ಒಂದು ಕಡೆ ರಿಷಭ, ಇನ್ನೊಂದು ಕಡೆ ತಾರ ಷಡ್ಜ. ತಾಳಕ್ಕೆ ಸರಿಹೊಂದಿಸಲು ತಂತ್ರಾಂಶದಲ್ಲಿ ಸ್ವರಗಳನ್ನು ಗೆರೆಗೆ ಎಳೆದಾಗ, ಎಷ್ಟೋ ಸಲ ಸ್ವರ ಮಾತ್ರ ಸರಿದು ಅದರ ಬಾಗು ಹಿಂದಿನ ಜಾಗದಲ್ಲೇ ಉಳಿದುಬಿಡುತ್ತದೆ. ಆಗ ಮೀಂಡ್ ತಪ್ಪಿದ ಜಾಗದಲ್ಲಿ ಕೇಳುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕು, ಹಾಡು ತಯಾರಾದ ಮೇಲೆ ಉಳಿಯುವುದು ಧ್ವನಿಯ ಕಡತ ಮಾತ್ರ. ಗಾಲಿಯ ಗೆರೆ ಇರುವ ಮೂಲ ಕಡತ ಹಾರ್ಡ್ ಡಿಸ್ಕ್ ತುಂಬಿದಾಗ ಅಳಿಸಿಹೋಗುತ್ತದೆ. ಕಂಪನಿ ನಾಟಕದ ಟ್ರಂಕುಗಳಲ್ಲಿ ಕೊಳೆತುಹೋದ ನೋಟ್‌ಬುಕ್ಕುಗಳ ಕಥೆಗಿಂತ ಇದು ಬೇರೆಯಲ್ಲ, ವೇಗ ಮಾತ್ರ ಹೆಚ್ಚು.

ಹಾಗಾಗಿ ಕೀಬೋರ್ಡ್ ನುಡಿಸುವ ಗೆಳೆಯರಿಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ನಿಮ್ಮೂರಿನ ಹಿರಿಯ ಗಾಯಕಿಯೋ, ದೊಡ್ಡಾಟದ ಭಾಗವತರೋ, ತತ್ವಪದದವರೋ ಹಾಡಿದ್ದನ್ನು ಮುದ್ರಿಸಿಕೊಳ್ಳಿ. ಅದರ ಜೊತೆ ಕೂತು ಗಾಲಿಯಲ್ಲಿ ಒಂದು ಸಾಲನ್ನಾದರೂ ಅವರು ತಲೆಯಾಡಿಸುವವರೆಗೆ ನುಡಿಸಿ. ಮಿಡಿ ಕಡತವನ್ನು ಬೇರೆಯಾಗಿ ಉಳಿಸಿ. ಕಡತದ ಹೆಸರಿನಲ್ಲೇ ರಾಗ, ಹಾಡಿದವರ ಹೆಸರು, ಊರು, ಆಧಾರ ಶ್ರುತಿ ಮತ್ತು ಗಾಲಿಯ ವ್ಯಾಪ್ತಿ ಬರೆದಿಡಿ. ಐವತ್ತು ವರ್ಷಗಳ ನಂತರ ಯಲಬುರ್ಗಾ ಕಡೆಯ ದರ್ಬಾರಿ ಹೇಗೆ ತೂಗುತ್ತಿತ್ತು ಎಂದು ಕೇಳುವವರಿಗೆ ಕಮಾನು ಗೆರೆಗಿಂತ ಹೆಚ್ಚಿನದು ಸಿಗಲಿ.

ಅಂದು ರಾತ್ರಿ ಅಜ್ಜನಿಗೆ ನಾನು ಕೀಬೋರ್ಡಿನ ಹುಡುಗನನ್ನು ತೋರಿಸಿದ್ದೆ. ಸ್ವಲ್ಪ ಹೊತ್ತು ಅವನ ಬಲಗೈಯನ್ನೇ ನೋಡಿದರು, ಏನೂ ತಿಳಿಯಲಿಲ್ಲ. "ಎಡಗೈ ನೋಡ್ರೀ ಅಜ್ಜಾ" ಎಂದೆ. ನೋಡಿದರು. ಆಮೇಲೆ ಹಾಡು ಮುಗಿಯುವವರೆಗೂ ಅವರು ಬೇರೆ ಕಡೆ ಕಣ್ಣು ತೆಗೆಯಲಿಲ್ಲ.